ಪಾಚಿಗೆ ಮೈಲುತುತ್ತು, ಆದರೆ ಯಾವಾಗ?

ಕುಡಿಯುವ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕುತ್ತಾರೆ ಎಂದರೆ ಅಥಣಿಯ ದ್ರಾಕ್ಷಿ ಬೆಳೆಗಾರರೂ ಹುಬ್ಬೇರಿಸಿಯಾರು. ಸುಣ್ಣದೊಂದಿಗೆ ಕಲಸಿ ಬಳ್ಳಿಗೆ ಹೊಡೆಯುವ ಅದೇ ನೀಲಿ ಹರಳು ಜಲಾಶಯದ ಪಾಚಿಗೂ ಮದ್ದು. ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲರ್‌ಮನ್ 1904ರಲ್ಲೇ ಈ ವಿಧಾನವನ್ನು ಪ್ರಕಟಿಸಿದ್ದರು.

ಬೆಳಗಾವಿಗೆ ನೀರು ಬರುವುದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯಗಳಿಂದ. ನಿಂತ ನೀರು, ಏಪ್ರಿಲ್ ಬಿಸಿಲು, ಹೊಲಗಳಿಂದ ಹರಿದು ಬಂದು ಸೇರಿದ ರಂಜಕ ಒಟ್ಟಾದರೆ ಯಾವ ಜಲಾಶಯದಲ್ಲೂ ನೀಲಿ-ಹಸಿರು ಪಾಚಿ ಹಬ್ಬಬಹುದು. (ಅಸಲಿಗೆ ಅದು ಪಾಚಿಯಲ್ಲ, ಬ್ಯಾಕ್ಟೀರಿಯಾ.) ಇವುಗಳಲ್ಲಿ ಕೆಲವು ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಮೊದಲ ಮಳೆಗೆ ನೆಲದಿಂದೇಳುವ ವಾಸನೆಯೂ ಇದರದೇ. ಅಂಗಳದಲ್ಲಿ ಹಿತ, ಲೋಟದಲ್ಲಿ ಅಸಹ್ಯ. ಹತ್ತು ಲಕ್ಷ ಲೀಟರ್ ನೀರಿಗೆ ಸುಮಾರು 10 ಮಿಲಿಗ್ರಾಂ ಬೆರೆತರೂ ಮೂಗಿಗೆ ಗೊತ್ತಾಗಿಬಿಡುತ್ತದೆ. ಕ್ಲೋರಿನ್‌ಗೆ ಅದು ಜಗ್ಗುವುದಿಲ್ಲ. ಸಕ್ರಿಯ ಇದ್ದಿಲಿನ ಪುಡಿ ಬೇಕು.

ಮೈಲುತುತ್ತು ಹಾಕುವ ಹಳೆಯ ರೀತಿ ಸರಳ. ಹರಳು ತುಂಬಿದ ಗೋಣಿಚೀಲವನ್ನು ದೋಣಿಗೆ ಕಟ್ಟಿ, ನೀರಿನಲ್ಲಿ ಅಡ್ಡಾದಿಡ್ಡಿ ಎಳೆದುಕೊಂಡು ಹೋಗುವುದು. ಪಾಚಿ ಇರುವ ಮೇಲುಪದರದ ಹತ್ತು ಲಕ್ಷ ಲೀಟರಿಗೆ ಒಂದು ಕಿಲೊ ಸಾಮಾನ್ಯ ಲೆಕ್ಕ. ಕರಗಿದ ತಾಮ್ರ ಪಾಚಿಯ ಜೀವಕೋಶಕ್ಕೆ ನುಗ್ಗಿ ದ್ಯುತಿಸಂಶ್ಲೇಷಣೆಯನ್ನೇ ನಿಲ್ಲಿಸುತ್ತದೆ. ಗಡಸು ನೀರಿನಲ್ಲಿ ತಾಮ್ರ ಬೇಗ ತಳಕ್ಕಿಳಿದು ಮದ್ದಿನ ಕಸುವು ಕುಂದುತ್ತದೆ. ಮೆದು ನೀರಿನಲ್ಲಿ ಮೀನುಗಳಿಗೂ ಕುತ್ತು.

ಆದರೆ ನೀರೆಲ್ಲ ಹಸಿರಾದ ಮೇಲೆ ಇದನ್ನು ಸುರಿಯುವುದು ದೊಡ್ಡ ತಪ್ಪು. ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡ್‌ನಲ್ಲಿ 1979ರಲ್ಲಿ ಜನ ನೀರಿನ ರುಚಿ, ವಾಸನೆಯ ಬಗ್ಗೆ ದೂರಿದಾಗ ಸೊಲೊಮನ್ ಅಣೆಕಟ್ಟಿನ ನೀರಿಗೆ ಮೈಲುತುತ್ತು ಹಾಕಿದರು. ಕೆಲವೇ ದಿನಗಳಲ್ಲಿ 148 ಮಂದಿ ಯಕೃತ್ತಿನ ಉರಿಯೂತದಂಥ ಕಾಯಿಲೆಗೆ ಬಿದ್ದರು, ಬಹುತೇಕ ಮಕ್ಕಳೇ. ಸತ್ತ ಪಾಚಿಯ ಕೋಶಗಳು ಒಡೆದು, ಒಳಗಿದ್ದ ವಿಷ ಒಂದೇ ಸಲಕ್ಕೆ ನೀರಿಗೆ ಸೇರಿದ್ದೇ ಕಾರಣವೆಂದು ಮುಂದೆ ಸಂಶೋಧಕರು ಹೇಳಿದರು. ಇಂಥ ವಿಷಗಳು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಮದ್ದು ಹಾಕುವುದೇ ಆದರೆ, ಸೂಕ್ಷ್ಮದರ್ಶಕದಲ್ಲಿ ಪಾಚಿಯ ಎಣಿಕೆ ಏರತೊಡಗಿದಾಗಲೇ ಹಾಕಬೇಕು. ನೀರು ಹಸಿರಾದ ಮೇಲೆ ಇದ್ದಿಲಿನ ಪುಡಿಯ ದಾರಿಯೇ ಮೇಲು, ಖರ್ಚು ಹೆಚ್ಚಾದರೂ.

ಮಣ್ಣಿನ ವಾಸನೆ ಬಂದ ಮಾತ್ರಕ್ಕೆ ನೀರು ವಿಷ ಎಂದಲ್ಲ, ವಾಸನೆ ಇಲ್ಲದ ನೀರೆಲ್ಲ ಶುದ್ಧ ಎಂದೂ ಅಲ್ಲ. ಬೇಸಿಗೆಯಲ್ಲಿ ನಿಮ್ಮ ನಲ್ಲಿಯ ನೀರು ಹಾಗೆ ನಾರಿದರೆ ವಾಲ್‌ಮನ್‌ಗೆ ಬೈದು ಸುಮ್ಮನಾಗಬೇಡಿ. ವಾಸನೆ ಬಂದ ದಿನವನ್ನು ಬರೆದು ಜಲಮಂಡಳಿಗೆ ದೂರು ಕೊಡಿ, ಪಾಚಿಯ ಎಣಿಕೆ ಎಷ್ಟಿದೆ ಎಂದು ಕೇಳಿ.