ಶಾಲೆಯ ಕಸದ ಬುಟ್ಟಿಯಿಂದ ದೇವನಾರದವರೆಗೆ

ಜೂನ್ ತಿಂಗಳು ಸಮೀಪಿಸಿದಂತೆ ಮುಂಬಯಿ, ಪುಣೆಗಳ ನಮ್ಮ ಮನೆಗಳಲ್ಲಿ ಹೊಸ ಪಠ್ಯಪುಸ್ತಕಗಳ ಪರಿಮಳ ಹರಡುತ್ತದೆ. ಅದೇ ವೇಳೆಗೆ ಕಳೆದ ವರ್ಷದ ನೋಟುಪುಸ್ತಕಗಳು ಕಟ್ಟುಗಟ್ಟಲೆ ರದ್ದಿ ಅಂಗಡಿಯ ತಕ್ಕಡಿಯನ್ನೇರುತ್ತವೆ. ಒಣಗಿ ಶುಚಿಯಾಗಿರುವ ಈ ಕಾಗದಕ್ಕೆ ಬೆಲೆಯುಂಟು. ಆದರೆ ಅದೇ ನೋಟುಪುಸ್ತಕದ ಹಾಳೆ ತರಗತಿಯ ಮೂಲೆಯ ಬುಟ್ಟಿಗೆ ಬಿದ್ದು, ಅದರ ಮೇಲೆ ಯಾರದೋ ಡಬ್ಬಿಯಲ್ಲಿ ಉಳಿದ ಪಲ್ಯ ಚೆಲ್ಲಿದರೆ ಕೊಳ್ಳುವವರಿಲ್ಲ. ದಿನವಿಡೀ ಜಮಾ-ಖರ್ಚುಗಳ ನಡುವೆ ಕುಳಿತಿರುವ ನಮಗೆ ಇದು ಕಣ್ಣಿಗೆ ಕಾಣುವ ನಷ್ಟ. ಜಮೆಯಾಗಬೇಕಾದದ್ದು ಒಂದೇ ಕ್ಷಣದಲ್ಲಿ ಖರ್ಚಿನ ಬದಿಗೆ ಸರಿದುಬಿಡುತ್ತದೆ.

ಶಾಲೆ-ಕಾಲೇಜುಗಳ ಕಸದಲ್ಲಿ ಹೆಚ್ಚಾಗಿ ಕಾಣಸಿಗುವುದು ಕಾಗದ ಮತ್ತು ಆಹಾರದ ಉಳಿಕೆ. ಬೇರೆಯಾಗಿದ್ದರೆ ಎರಡೂ ಉಪಯುಕ್ತ. ಕೂಡಿದರೆ ಎರಡೂ ನಿರುಪಯುಕ್ತ. ಕಾಗದದ ಕಾರ್ಖಾನೆಗೆ ಬೇಕಾದುದು ನಾರು. ಹಳೆಯ ಕಾಗದವನ್ನು ನೀರಿನಲ್ಲಿ ಕಲಸಿ ಆ ನಾರನ್ನು ಮರಳಿ ಪಡೆಯುತ್ತಾರೆ. ಎಣ್ಣೆಯ ಜಿಡ್ಡು ಸೇರಿದ್ದರೆ ನಾರುಗಳು ಒಂದಕ್ಕೊಂದು ಸರಿಯಾಗಿ ಹೆಣೆದುಕೊಳ್ಳವು. ಇನ್ನು ಆಹಾರದ ಉಳಿಕೆ ಗಾಳಿಯಾಡುವ ಗುಂಡಿಯಲ್ಲಾದರೆ ಗೊಬ್ಬರವಾಗುತ್ತದೆ. ಗಾಳಿಯಿಲ್ಲದ ಕಸದ ಗುಡ್ಡದಡಿಯಲ್ಲಿ ಕೊಳೆತರೆ ಮೀಥೇನ್ ಅನಿಲವನ್ನು ಹೊರಸೂಸುತ್ತದೆ. ಈ ಅನಿಲ ಹೊತ್ತಿ ಉರಿಯುವಂಥದು.

ಮುಂಬಯಿಯವರು ಇದನ್ನು ಪುಸ್ತಕ ಓದಿ ಅರಿಯಬೇಕಾಗಿಲ್ಲ. 1927ರಿಂದ ನಗರದ ಕಸವನ್ನು ಹೊತ್ತ ದೇವನಾರದ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ದಟ್ಟವಾದ ಹೊಗೆ ಪೂರ್ವ ಉಪನಗರಗಳನ್ನು ಆವರಿಸಿತು. ಸುತ್ತಲಿನ ಮಹಾನಗರಪಾಲಿಕೆಯ ಶಾಲೆಗಳಿಗೆ ರಜೆ ಸಾರಬೇಕಾಯಿತು. ತರಗತಿಗಳಿಂದ ಹೊರಟ ಕಸವೂ ಸೇರಿದ್ದ ಗುಡ್ಡ ತರಗತಿಗಳ ಬಾಗಿಲನ್ನೇ ಮುಚ್ಚಿಸಿತು.

ಕಸವನ್ನು ಬೇರ್ಪಡಿಸಿದರೆ ಯಾರಿಗೆ ಲಾಭ ಎಂಬುದನ್ನು ತಿಳಿಯಲು ಪುಣೆಯ ವೃತ್ತಾಂತವೊಂದನ್ನು ನೋಡಬೇಕು. ಮಹರ್ಷಿ ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯ ಇಂದು ಎಸ್.ಎನ್.ಡಿ.ಟಿ. ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅದರ ಪುಣೆ ಶಾಖೆಯ ವಯಸ್ಕರ ಶಿಕ್ಷಣ ವಿಭಾಗದ ಲಕ್ಷ್ಮೀ ನಾರಾಯಣ್, ಪೂರ್ಣಿಮಾ ಚಿಕರಮಾನೆ ಮೊದಲಾದವರು 1990ರ ಸುಮಾರಿಗೆ ಚಿಂದಿ ಆಯುವ ಮಹಿಳೆಯರ ನಡುವೆ ಅಕ್ಷರ ಕಲಿಸಲು ಹೊರಟರು. ತೊಟ್ಟಿಗಳಲ್ಲಿ ಕೈಯಿಟ್ಟು ಕಾಗದ, ಗಾಜು, ತಗಡು ಹೆಕ್ಕುತ್ತಿದ್ದ ತಾಯಂದಿರ ಜೊತೆಗೆ ಶಾಲೆಯಲ್ಲಿರಬೇಕಾದ ಮಕ್ಕಳೂ ಇದ್ದರು. ಬೇಕಾದದ್ದು ಬರಿಯ ಅಕ್ಷರವಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು. ಜನರು ಒಣ ಕಸವನ್ನು ಮೊದಲೇ ಬೇರ್ಪಡಿಸಿ ಕೈಗೆ ಕೊಟ್ಟರೆ ತಾಯಿಯ ದುಡಿಮೆಯ ಗಂಟೆಗಳು ಕಡಿಮೆಯಾಗಿ ಸಂಪಾದನೆ ಹೆಚ್ಚುತ್ತದೆ. ಮಗು ಶಾಲೆಗೆ ಹೋಗಬಲ್ಲದು. ಮನೆಗಳ ಬಾಗಿಲಲ್ಲಿ ಆ ಮಹಿಳೆಯರನ್ನು ಯಾರೂ ಸಂಶಯದಿಂದ ನೋಡದಂತೆ ವಿಶ್ವವಿದ್ಯಾಲಯವೇ ಗುರುತಿನ ಚೀಟಿ ಕೊಟ್ಟಿತು. 1993ರಲ್ಲಿ ಹಮಾಲರ ನಾಯಕ ಬಾಬಾ ಆಢಾವ ಅವರ ಮುಂದಾಳುತನದಲ್ಲಿ ಸಮಾವೇಶ ನಡೆದು ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆ ಹುಟ್ಟಿತು. ಮುಂದೆ ಪುಣೆ ಮಹಾನಗರಪಾಲಿಕೆಯೂ ಚೀಟಿಗಳಿಗೆ ಮನ್ನಣೆ ನೀಡಿತು. 2008ರಲ್ಲಿ ಇವರದೇ ‘ಸ್ವಚ್ಛ’ ಸಹಕಾರಿ ಸಂಸ್ಥೆ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಕ್ಕಿಳಿಯಿತು. ಕಸದ ಬಗೆಗಿನ ಎಷ್ಟೋ ಪ್ರಬಂಧಗಳಿಗಿಂತ ಆ ಚೀಟಿಯೇ ಹೆಚ್ಚಿನ ಕೆಲಸ ಮಾಡಿತೆಂದು ನಾವು ಭಾವಿಸುತ್ತೇವೆ.

ಶಾಸನವೂ ವಿದ್ಯಾಸಂಸ್ಥೆಗಳನ್ನು ಬಿಟ್ಟಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗ್ರಾಂಗಿಂತ ಹೆಚ್ಚು ಕಸ ಹೊರಡಿಸುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳನ್ನು ದೊಡ್ಡ ಉತ್ಪಾದಕರ ಸಾಲಿಗೆ ಸೇರಿಸಿ, ಹಸಿ ಕಸವನ್ನು ಆದಷ್ಟೂ ಆವರಣದೊಳಗೇ ಸಂಸ್ಕರಿಸಲು ಸೂಚಿಸಿದವು. ಹಾಸ್ಟೆಲ್ ಮತ್ತು ಕ್ಯಾಂಟೀನು ಇರುವ ಕಡೆ ಇದು ದೊಡ್ಡ ಲೆಕ್ಕವೇ ಸರಿ. ಆದರೆ ವಿಧಾನ ಕಠಿಣವಲ್ಲ. ಆವರಣದ ಮರಗಳಿಂದ ಉದುರಿದ ಎಲೆಗಳನ್ನು ಗುಡಿಸಿ ಸುಡುವ ಬದಲು ಕೂಡಿಟ್ಟು, ಹಸಿ ಕಸದ ಪ್ರತಿ ಪದರದ ಮೇಲೂ ಹರಡಬೇಕು. ಹಿಂಡಿದ ಬಟ್ಟೆಯಷ್ಟು ತೇವವಿದ್ದು, ಆಗಾಗ ತಿರುವಿ ಹಾಕಿದರೆ ಎರಡು-ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ದುರ್ವಾಸನೆ ಬಂದರೆ ಗುಂಡಿಯನ್ನು ಮುಚ್ಚಿಬಿಡುವ ಸಂಸ್ಥೆಗಳುಂಟು; ಒಣ ಎಲೆಯೋ ಗಾಳಿಯೋ ಸಾಲದೆಂಬ ಸೂಚನೆ ಅದು, ಅಷ್ಟೆ. ಅನ್ನ-ಸಾರಿನ ಉಳಿಕೆ ವಿಪುಲವಾಗಿರುವ ಹಾಸ್ಟೆಲುಗಳಿಗೆ ಜೈವಿಕ ಅನಿಲ ಸ್ಥಾವರವೇ ಲೇಸು. ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರ ಇದಕ್ಕಾಗಿ ‘ನಿಸರ್ಗಋಣ’ ಎಂಬ ಸ್ಥಾವರವನ್ನು ರೂಪಿಸಿದೆ.

ಕೆಲವು ವಸ್ತುಗಳು ಮಾತ್ರ ಎರಡೂ ಬುಟ್ಟಿಗಳಿಗೆ ಹೊಂದವು. ಕ್ಯಾಂಟೀನಿನ ‘ಕಾಗದದ’ ಲೋಟದ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪೊರೆ ಅಂಟಿರುವುದರಿಂದ ಅದು ಗೊಬ್ಬರವಾಗದು, ರದ್ದಿಯವನಿಗೂ ಬೇಡ. ಸ್ಟೀಲಿನ ಲೋಟವೊಂದೇ ಇದಕ್ಕೆ ಪರಿಹಾರ. ಹೆಣ್ಣುಮಕ್ಕಳ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆಯ ಗುರುತಿಡುವಂತೆ ‘ಸ್ವಚ್ಛ’ದವರು ಕೇಳಿಕೊಂಡಿದ್ದಾರೆ. ಹೆಕ್ಕುವ ಕೈ ಆ ಪೊಟ್ಟಣವನ್ನು ಬಿಚ್ಚದಿರಲೆಂದು.

ಮರುಬಳಕೆಗೂ ನೀರು, ವಿದ್ಯುತ್ತು ಬೇಕು. ಆದ್ದರಿಂದ ಕಸವನ್ನು ಹುಟ್ಟಿಸದಿರುವುದೇ ಮೊದಲ ಉಳಿತಾಯ. ಗಣಕಯಂತ್ರ ಬಂದರೆ ಕಾಗದ ತಾನಾಗಿ ಉಳಿಯುತ್ತದೆಂಬ ಭರವಸೆಯನ್ನು ನಾವು ಅಷ್ಟಾಗಿ ನಂಬುವುದಿಲ್ಲ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಉತ್ತರಪತ್ರಿಕೆಗಳ ಮೌಲ್ಯಮಾಪನ ಪರದೆಯ ಮೇಲೆ ನಡೆಯಿತು. ವಿದ್ಯಾರ್ಥಿಗಳು ಬರೆದದ್ದು ಕಾಗದದ ಮೇಲೆಯೇ. ಅದಕ್ಕಿಂತ, ನೋಟುಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಬಿಡಿಸಿ ಬೈಂಡರನಿಂದ ಹೊಲಿಸಿದರೆ ಒಂದೆರಡು ಕಚ್ಚಾ ಪುಸ್ತಕಗಳಾದರೂ ದೊರೆಯುತ್ತವೆ. ಮಹಾರಾಷ್ಟ್ರದ ‘ಬಾಲಭಾರತಿ’ ಪ್ರಕಟಿಸುವ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳೂ ಒಂದು ಮಗುವಿನಿಂದ ಇನ್ನೊಂದಕ್ಕೆ ದಾಟಬಹುದು. ಯಾರ ಮನೆಯಲ್ಲಿ ಯಾವ ತರಗತಿಯ ಪುಸ್ತಕವಿದೆಯೆಂಬ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಸಿದ್ಧಪಡಿಸುವುದು ಸ್ಥಳೀಯ ಕನ್ನಡ ಸಂಘಗಳಿಗೆ ಭಾರವಾಗದು.

ಸಂಘಗಳ ಮಾತು ಬಂದುದರಿಂದ ಇನ್ನೊಂದು ವಿಷಯ. ನಮ್ಮ ರಾಜ್ಯೋತ್ಸವ, ಯಕ್ಷಗಾನ, ವಾರ್ಷಿಕೋತ್ಸವಗಳು ಎಷ್ಟೋ ಸಲ ಶಾಲೆಗಳ ಸಭಾಗೃಹದಲ್ಲೇ ಜರಗುತ್ತವೆ. ಭಾನುವಾರ ರಾತ್ರಿಯ ಊಟದ ತಟ್ಟೆಗಳನ್ನು ಸೋಮವಾರ ಬೆಳಿಗ್ಗೆ ಎತ್ತುವವರು ಆ ಶಾಲೆಯ ಸಿಪಾಯಿಗಳು. ಬಾಳೆಲೆಯಲ್ಲಿ ಬಡಿಸಿದರೆ ಅದು ಅನ್ನದೊಡನೆ ನೇರ ಗೊಬ್ಬರದ ಗುಂಡಿಗೆ ಹೋಗುತ್ತದೆ. ಸಭಾಗೃಹವನ್ನು ಕಾದಿರಿಸುವಾಗಲೇ ಆ ಶಾಲೆಯಲ್ಲಿ ಅಂಥ ಗುಂಡಿ ಇದೆಯೇ ಎಂದು ಕಾರ್ಯದರ್ಶಿಗಳು ವಿಚಾರಿಸಿಕೊಳ್ಳಬಹುದು.