ಅಂಚಿಲ್ಲದ ಮಣೆ

ತುಳುವರ ಆಟಿ ತಿಂಗಳಲ್ಲಿ ಪುತ್ತೂರು, ಸುಳ್ಯ, ಕಡಬದ ತೋಟದ ಕೆಲಸವೆಲ್ಲ ಮಳೆಯ ಮರ್ಜಿಯಲ್ಲಿರುತ್ತದೆ. ತುಸು ಹೊಳವಾದರೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿ, ಮಳೆ ಹಿಡಿದರೆ ಚಾವಡಿಯೇ ಗತಿ. ಗುಳಿಗಳಿಗೆ ಕಾಯಿ ಬಿಟ್ಟು ಆಡುವ ಚೆನ್ನೆಮಣೆ ಅಟ್ಟದಿಂದ ಕೆಳಗಿಳಿಯುತ್ತಿದ್ದುದು ಈ ಬಿಡುವಿನಲ್ಲೇ. ಈಗ ‘ಆಟಿಡೊಂಜಿ ದಿನ’ದ ಕೂಟಗಳಲ್ಲಿ ಅದರ ಸ್ಪರ್ಧೆಗಳು ನಡೆಯುತ್ತವೆ. ಹಾಗೆ ಮಣೆಯ ಮುಂದೆ ಕೂರುವ ಮಕ್ಕಳಲ್ಲಿ ಹಲವರು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ, ಸೈನ್ಯ ನಡೆಸುವ ಆಟಗಳನ್ನೂ ಬಲ್ಲವರು.

ಆ ಆಟಗಳನ್ನು ರೂಪಿಸುವವರ ನಡುವೆ ಹಳೆಯದೊಂದು ತಕರಾರಿದೆ. ಭೂಪಟದ ಅಂಚಿಗೆ ಬಂದ ಸೈನ್ಯ ಗೋಡೆಗೆ ಮುಟ್ಟಿದಂತೆ ನಿಲ್ಲಬೇಕೆ, ಇಲ್ಲ ಆಚೆ ಬದಿಯಿಂದ ಒಳಗೆ ಬರಬೇಕೆ? ಭೂಮಿ ದುಂಡಗಿದೆ, ಆದ್ದರಿಂದ ಸುತ್ತಿ ಬರಬೇಕು ಎಂಬುದು ಸಾಮಾನ್ಯವಾದ ವಾದ. ಆದರೆ ಭೂಗೋಳಕ್ಕಿಂತ ನ್ಯಾಯಕ್ಕೆ ಹತ್ತಿರದ ಪ್ರಶ್ನೆ ಇದು. ಅಂಚು ಯಾರನ್ನು ಕಾಪಾಡುತ್ತದೆ, ಯಾರನ್ನು ಸಿಕ್ಕಿಸುತ್ತದೆ ಎನ್ನುವುದನ್ನು ಹಲಗೆಯ ಆಟಗಳು ಕಂಪ್ಯೂಟರಿಗಿಂತ ಬಹಳ ಹಿಂದೆಯೇ ಯೋಚಿಸಿದ್ದವು.

ಹುಲಿ-ಕುರಿ ಆಟವನ್ನೇ ನೋಡಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕಾದರೆ ಕುರಿಯ ಆಚೆಗೆ ಖಾಲಿ ಜಾಗ ಇರಬೇಕು. ಅಂಚಿಗೆ ಬೆನ್ನು ಕೊಟ್ಟು ನಿಂತ ಕುರಿಯ ಹಿಂದೆ ಜಾಗವೇ ಇಲ್ಲ, ಎದುರಿನಿಂದ ಬಂದ ಹುಲಿ ಅದನ್ನು ಹಾರಲಾರದು. ಬಲವಿಲ್ಲದವರಿಗೆ ಅಂಚೇ ಆಸರೆ. ಮುಂದೆ ಇದೇ ಕುರಿಗಳು ಹುಲಿಯನ್ನು ಮೂಲೆಗೆ ಒತ್ತಿ ಕಟ್ಟಿಹಾಕುತ್ತವೆ. ಈ ಹಲಗೆಯ ಎರಡು ಬದಿ ಸೇರಿಸಿ ಸುತ್ತು ಮಾಡಿದರೆ ಆಟವೇ ಕೆಡುತ್ತದೆ.

ಚದುರಂಗದ ಅಂಚು ಇಷ್ಟು ದಯಾಳುವಲ್ಲ. ನಡುಮನೆಯ ಕುದುರೆಗೆ 8 ದಾರಿ, ಮೂಲೆಯ ಕುದುರೆಗೆ ಎರಡೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಸೆಪಟ್ಟು ಬಿಡಿಸಿದ ಕುದುರೆ ನಡೆಯ ಒಗಟಿಗೂ ಈ ಅಂಚಿನ ಕಟ್ಟು ಇದೆ. 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಹೊರಟಲ್ಲಿಗೇ ಮರಳುವ ನಡೆಯಲ್ಲಿ, ಪ್ರತಿ ಮೂಲೆಯ ಎರಡೂ ದಾರಿಗಳನ್ನು ಬಳಸಲೇಬೇಕು. ಅಲ್ಲಿ ಆಯ್ಕೆಯೇ ಇಲ್ಲ.

ಚೆನ್ನೆಮಣೆ ಹಿಡಿದ ದಾರಿ ಬೇರೆ. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4 ಕಾಯಿಯಂತೆ ಒಟ್ಟು 56. ಕೆಂಪಗೆ ಹೊಳೆಯುವ ಮಂಜಾಡಿ ಬೀಜವಾದರೂ ಆದೀತು, ಕೈಗೆ ಸಿಕ್ಕಿದ ಇನ್ನಾವ ಬೀಜವಾದರೂ ಆದೀತು. ತನ್ನ ಸಾಲಿನ ಒಂದು ಗುಳಿಯನ್ನು ಬರಿದು ಮಾಡಿ, ಮುಂದಿನ ಗುಳಿಗಳಿಗೆ ಒಂದೊಂದೇ ಕಾಯಿ ಬಿಡುತ್ತ ಹೋಗಬೇಕು. ಸಾಲು ಮುಗಿದಲ್ಲಿ ಕೈ ನಿಲ್ಲುವುದಿಲ್ಲ, ಎದುರಾಳಿಯ ಸಾಲಿಗೆ ತಿರುಗುತ್ತದೆ. ಸಾಮಾನ್ಯ ಆಟದಲ್ಲಿ ಕೊನೆಯ ಕಾಯಿ ಬಿಟ್ಟ ಮೇಲೆ ಮುಂದಿನ ಗುಳಿಯದನ್ನು ಎತ್ತಿಕೊಂಡು ಮುಂದುವರಿಯುವುದು. ಖಾಲಿ ಗುಳಿ ಎದುರಾದರೆ ಅದರಾಚೆಯ ಗುಳಿಯಲ್ಲಿದ್ದುದು ಆಡಿದವರಿಗೆ. ಅರಸು ಆಟ, ಜೋಡುಪೆರ್ಗ, ಒಬ್ಬರೇ ಕೂತು ಆಡುವ ಸೀತೆ ಆಟ ಎಂದು ಬಗೆಗಳು ಹಲವು.

ಮಣೆ ನೋಡಲು ಉದ್ದ, ಆಟದಲ್ಲಿ ಮಾತ್ರ ಅದು ಉಂಗುರ. ಒಂದನೆಯ ಗುಳಿಯಿಂದ ಹದಿನಾಲ್ಕನೆಯದಕ್ಕೆ ಒಂದೇ ಹೆಜ್ಜೆ. ಮೂಲೆಯಿಲ್ಲ, ಬೆನ್ನು ಕೊಟ್ಟು ನಿಲ್ಲಲು ಗೋಡೆಯಿಲ್ಲ. ಕಾಯಿಗಳಿಗೆ ಬಣ್ಣದ ಭೇದವೂ ಇಲ್ಲ, ಇರುವ ಗುಳಿಯ ಮೇಲೆ ಒಡೆತನ. ಬಚ್ಚಿಟ್ಟು ಗೆಲ್ಲುವಂತಿಲ್ಲ, ಬಿತ್ತಲೇಬೇಕು, ಬಿತ್ತಿದ್ದು ಎದುರಿನವರ ಮನೆಯನ್ನೂ ತುಂಬುತ್ತದೆ.

ತುಳುನಾಡು ಈ ಉಂಗುರವನ್ನು ಬರಿಯ ಮೋಜು ಎಂದು ನೋಡಲಿಲ್ಲ. ಸಿರಿ ಪಾಡ್ದನವೆಂಬ ಹಾಡುಕಥೆಯಲ್ಲಿ ಸಿರಿಯ ಮಗಳು ಸೊನ್ನೆ, ಅವಳ ಅವಳಿ ಮಕ್ಕಳು ಅಬ್ಬಗ-ದಾರಗ. ಮನೆಯಲ್ಲಿ ಹಿರಿಯರಿಲ್ಲದ ಹೊತ್ತು ಅಕ್ಕತಂಗಿ ಚೆನ್ನೆ ಆಡಲು ಕೂರುತ್ತಾರೆ. ಆಟ ಜಗಳವಾಗುತ್ತದೆ. ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳಿಗೆ ಹೊಡೆಯುತ್ತಾಳೆ, ಅವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಬೀಳುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆಯ ಹಿಂದೆ ಈ ಕಥೆ ಇದೆ. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ದಾಖಲಿಸಿದರು, 1998ರಲ್ಲಿ ಅದು ಅಚ್ಚಾಯಿತು. ಅದಕ್ಕೂ ಮೊದಲು 1986ರಲ್ಲೇ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಚೆನ್ನೆಯ ಅರ್ಥಗಳನ್ನೇ ವಿಷಯವಾಗಿಸಿ ಪ್ರಬಂಧ ಬರೆದಿದ್ದರು. ಒಂದು ಮಣೆಯ ಆಟ ಮಹಾಕಾವ್ಯದ ತಿರುವಿನಲ್ಲಿ ಕೂತಿರುವುದು ಸಣ್ಣ ಸಂಗತಿಯಲ್ಲ.

ಇದೇ ಕುಲದ ಆಟಗಳು ಆಫ್ರಿಕದಲ್ಲೂ ತುಂಬಿವೆ. ಅಲ್ಲಿನ ಒವಾರೆಗೆ 12 ಗುಳಿ, 48 ಕಾಯಿ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು ಹಲವು ಕಂಪ್ಯೂಟರುಗಳನ್ನು ಒಟ್ಟಿಗೆ ದುಡಿಸಿ ಅದರ 88,900 ಕೋಟಿಗೂ ಮಿಕ್ಕಿದ ಸ್ಥಿತಿಗಳನ್ನು ಲೆಕ್ಕ ಹಾಕಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ ಎಂದು ತೀರ್ಮಾನವಾಯಿತು.

ಕಂಪ್ಯೂಟರ್ ಪರದೆಗೆ ಸುತ್ತು ಬಂದದ್ದು ತಡವಾಗಿ. 1979ರ ‘ಆಸ್ಟರಾಯ್ಡ್ಸ್’ನಲ್ಲಿ ಮೇಲೆ ಮರೆಯಾದ ನೌಕೆ ಕೆಳಗೆ ಕಾಣಿಸಿತು, 1980ರ ‘ಪ್ಯಾಕ್-ಮ್ಯಾನ್’ ಎಡದ ಸುರಂಗದಲ್ಲಿ ನುಗ್ಗಿ ಬಲಕ್ಕೆ ಹೊರಬಂದ. ತಂತ್ರದ ಆಟಗಳಲ್ಲಿ ದೊಡ್ಡ ಹೆಸರು 1991ರ ಸಿಡ್ ಮೈಯರ್ ಅವರ ‘ಸಿವಿಲೈಸೇಶನ್’. ಅದರಲ್ಲಿ ಪೂರ್ವ-ಪಶ್ಚಿಮ ಕೂಡಿಕೊಂಡವು, ಉತ್ತರ-ದಕ್ಷಿಣದಲ್ಲಿ ಧ್ರುವದ ಹಿಮ ದಾರಿ ಕಟ್ಟಿತು. ಅಂದರೆ ಅದು ಗೋಳವಲ್ಲ, ಕೊಳವೆ. 2005ರ ನಾಲ್ಕನೆಯ ಆವೃತ್ತಿ ನಾಲ್ಕೂ ಬದಿ ಸೇರುವ ಆಯ್ಕೆಯನ್ನೂ ಕೊಟ್ಟಿತು. ಹಾಗೆ ಸೇರಿಸಿದರೂ ಭೂಮಿಯ ಆಕಾರ ಬರುವುದಿಲ್ಲ, ಬರುವುದು ಉದ್ದಿನವಡೆಯ ಆಕಾರ. ಚೌಕದ ಬದಲು ಆರು ಮೂಲೆಯ ಮನೆಗಳನ್ನು ಹಾಕಿದರೂ, ಅವುಗಳಿಂದಲೇ ಗೋಳವನ್ನು ಮುಚ್ಚಲು ಗಣಿತ ಬಿಡುವುದಿಲ್ಲ. ಪ್ರತಿ ಮೂಲೆಯಲ್ಲಿ ಮೂರು ಮನೆ ಕೂಡುವಂತೆ ಹೆಣೆದರೆ ನಡುನಡುವೆ ಐದು ಮೂಲೆಯ 12 ಮನೆಗಳನ್ನು ಸೇರಿಸಲೇಬೇಕು. ಭೂಮಿಯ ಹೆಸರು ಹೇಳಿ ಸುತ್ತನ್ನು ಸಮರ್ಥಿಸುವವರು ಇಲ್ಲಿ ಎಡವುತ್ತಾರೆ.

ಸುತ್ತಿಗೆ ನಿಜವಾದ ಸಮರ್ಥನೆ ಚೆನ್ನೆಮಣೆಯಲ್ಲಿದೆ. ಎಲ್ಲ ಮನೆಗೂ ಎರಡು ನೆರೆ, ಯಾರಿಗೂ ಮೂಲೆಯ ಲಾಭವಿಲ್ಲ. ಸಮಬಲರು ಆಡುವ ಆಟಕ್ಕೆ ಇದು ಒಪ್ಪುತ್ತದೆ. ಕೆಲವರೇ ಹಲವರನ್ನು ಎದುರಿಸುವ, ಕೋಟೆ ಕಾಯುವ ಆಟಕ್ಕೆ ಹುಲಿ-ಕುರಿಯ ಅಂಚು ಬೇಕು.

ಚೆನ್ನೆಯ ಕುಲದ ದಕ್ಷಿಣ ಭಾರತದ ಆಟಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸುತ್ತು ಮುಗಿದ ಮೇಲೆ ಸೋತವರು ತಮ್ಮಲ್ಲಿ ಉಳಿದ ಕಾಯಿಯಿಂದ ತುಂಬಬಹುದಾದಷ್ಟೇ ಗುಳಿಗಳನ್ನು ತುಂಬುತ್ತಾರೆ, ಮಿಕ್ಕವು ಮುಂದಿನ ಸುತ್ತಿಗೆ ಮುಚ್ಚಿಹೋಗುತ್ತವೆ. 14ರ ಉಂಗುರ 12 ಆಗುತ್ತದೆ, 11 ಆಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ನಿಷೇಧವಾದ ಮೊಬೈಲ್ ಆಟ ‘ಪಬ್‌ಜಿ’ಯಲ್ಲೂ ಆಡುವ ನೆಲದ ವೃತ್ತ ಕಿರಿದಾಗುತ್ತಿತ್ತು, ಆದರೆ ಅಲ್ಲಿ ಗಡಿಯಾರ ಎಲ್ಲರನ್ನೂ ಒಟ್ಟಿಗೆ ಒತ್ತುತ್ತಿತ್ತು, ಒಮ್ಮೆ ಹೋದ ನೆಲ ಆ ಆಟದಲ್ಲಿ ಯಾರಿಗೂ ಮರಳುತ್ತಿರಲಿಲ್ಲ. ಮಣೆಯಲ್ಲಿ ಮುಚ್ಚುವುದು ಸೋತವರ ಗುಳಿ. ಉಂಗುರ ಗಿಡ್ಡವಾದಾಗ ಗೆದ್ದವರ ಹಳೆಯ ಎಣಿಕೆಯೂ ತಪ್ಪುತ್ತದೆ, ಅವರೂ ಹೊಸದಾಗಿ ಲೆಕ್ಕ ಹಾಕಬೇಕು. ಮುಂದಿನ ಸುತ್ತಿನಲ್ಲಿ ಸಾಕಷ್ಟು ಕಾಯಿ ಗೆದ್ದರೆ ಮುಚ್ಚಿದ ಗುಳಿ ಮತ್ತೆ ತೆರೆಯುತ್ತದೆ.