ಆರೂವರೆ ನಿಮಿಷದ ದಮ್ಮು

ನಾಗರ ಪಂಚಮಿ ಬಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಂಥ ಕಟ್ಟುತ್ತಾರೆ. ಇಂತಿಷ್ಟೇ ಎಸೆತಕ್ಕೆ ಲಿಂಬೆಹಣ್ಣು ಪಕ್ಕದೂರು ಮುಟ್ಟಬೇಕು, ಜೋಳದ ಚೀಲ ಹೊತ್ತು ನೆಲಕ್ಕಿಳಿಸದೆ ನಡೆಯಬೇಕು. ಗಡಿಯಾರ ಬೇಕಿಲ್ಲ, ಹಿರಿಯರ ಕಣ್ಣೇ ಸಾಕು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರು ಈಗ ಬೆಳಕು ಹರಿಯುವ ಮೊದಲೇ ಡಾಂಬರು ರಸ್ತೆಗಿಳಿಯುವುದು ಬೇರೊಂದು ಪಂಥಕ್ಕೆ: 1600 ಮೀಟರ್, ಆರೂವರೆ ನಿಮಿಷ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಓಟ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಹುದ್ದೆಗಳು ಪ್ರತ್ಯೇಕವಾದವು, ಓಡುವವರೂ ಹೆಚ್ಚಿದರು.

1600 ಎಂಬ ಲೆಕ್ಕ ಹಳೆಯ ಮೈಲಿಯ ಪಳೆಯುಳಿಕೆ ಎಂದೇ ಕಾಣುತ್ತದೆ. ಮೈಲಿ 1609 ಮೀಟರ್. ಮೆಟ್ರಿಕ್ ಬಂದಾಗ ಒಂಬತ್ತು ಮೀಟರ್ ಉದುರಿರಬೇಕು. ಆದರೆ ಓಟದಲ್ಲಿ ಅಳೆಯುವುದು ಏನನ್ನು ಎಂದು ಹುಡುಕಹೊರಟರೆ ಎದುರಾಗುವವರು ಆರ್ಚಿಬಾಲ್ಡ್ ವಿವಿಯನ್ ಹಿಲ್.

ಸ್ನಾಯುವಿನ ಶಾಖದ ಅಧ್ಯಯನಕ್ಕೆ 1922ರ ನೊಬೆಲ್ ಪಡೆದ ಈ ಇಂಗ್ಲಿಷ್ ವಿಜ್ಞಾನಿ ಕಪ್ಪೆಯ ಕಾಲಿನಿಂದ ನೇರವಾಗಿ ತನ್ನ ಕಾಲಿಗೇ ಬಂದವರು. ಬೆನ್ನಿಗೆ ಗಾಳಿಚೀಲ, ಬಾಯಿಗೆ ಕೊಳವೆ ಕಟ್ಟಿಕೊಂಡು ಸುಮಾರು 85 ಮೀಟರ್ ಸುತ್ತಳತೆಯ ಹುಲ್ಲಿನ ಹಾದಿಯಲ್ಲಿ ಗಿರಗಿರನೆ ಓಡಿದರು. ಬಿಟ್ಟ ಉಸಿರೆಲ್ಲ ಚೀಲ ಸೇರುತ್ತಿತ್ತು. ಅದನ್ನು ಪರೀಕ್ಷಿಸಿ ದೇಹ ಎಷ್ಟು ಆಮ್ಲಜನಕ ಬಳಸಿತೆಂದು ಲೆಕ್ಕ ಹಾಕಿದರು. ವೇಗ ಹೆಚ್ಚಿದಂತೆ ಬಳಕೆ ಏರಿತು. ನಿಮಿಷಕ್ಕೆ ಸುಮಾರು ನಾಲ್ಕು ಲೀಟರ್ ತಲುಪಿದ ಮೇಲೆ, ಎಷ್ಟೇ ಜೋರಾಗಿ ಓಡಿದರೂ ಏರಲಿಲ್ಲ. ಆ ಮಿತಿಯೇ ವಿಒ2 ಮ್ಯಾಕ್ಸ್. ಅದರಾಚೆ ಓಡುವವನು ‘ಆಮ್ಲಜನಕದ ಸಾಲ’ ಮಾಡುತ್ತಾನೆ ಎಂದರು ಹಿಲ್. ಆ ಸಾಲಕ್ಕೆ ಅವರು ಕೊಟ್ಟ ಲ್ಯಾಕ್ಟಿಕ್ ಆಮ್ಲದ ವಿವರಣೆಯನ್ನು ಮುಂದಿನವರು ಸಾಕಷ್ಟು ತಿದ್ದಿದರು. ಮಿತಿಯ ಮಾತು ಮಾತ್ರ ಉಳಿದಿದೆ.

ಇದೇ ಹಿಲ್ 1943ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದರು, ಸರ್ಕಾರಕ್ಕೆ ವಿಜ್ಞಾನದ ಸಲಹೆ ಕೊಡಲು. ಬಂಗಾಳ ಕ್ಷಾಮದಲ್ಲಿ ಬೇಯುತ್ತಿತ್ತು. ಓಟಗಾರನ ಉಸಿರು ಅಳೆದವರು ಅನ್ನ, ಆರೋಗ್ಯ, ಜನಸಂಖ್ಯೆಯ ಬಗ್ಗೆ ವರದಿ ಬರೆದರು. ಅಖಿಲ ಭಾರತ ವೈದ್ಯಕೀಯ ಕೇಂದ್ರವೊಂದು ಬೇಕೆಂಬ ಅವರ ವಾದದ ಹಾದಿಯಲ್ಲೇ 1956ರಲ್ಲಿ ದೆಹಲಿಯ ಏಮ್ಸ್ ಬಂತು.

ಹಿಲ್‌ರ ಚೀಲ ಎಲ್ಲರಿಗೂ ಕಟ್ಟಲಾಗದು. ಹಾಗಾಗಿ ಸುಲಭದ ದಾರಿಗಳು ಹುಟ್ಟಿದವು. ಯುದ್ಧಕಾಲದ ಹಾರ್ವರ್ಡ್‌ನಲ್ಲಿ 20 ಇಂಚಿನ ಮಣೆ ಹತ್ತಿಳಿಸಿ ನಾಡಿ ಎಣಿಸಿದರು. 1968ರಲ್ಲಿ ವೈದ್ಯ ಕೆನೆತ್ ಕೂಪರ್ 12 ನಿಮಿಷ ಓಡಿಸಿ ದೂರ ಅಳೆದರು. ನಮ್ಮ ಪೊಲೀಸ್ ಓಟವನ್ನೂ ಹಾಗೆ ಓದಬಹುದು. ಆರೂವರೆ ನಿಮಿಷದಲ್ಲಿ 1600 ಮೀಟರ್ ಎಂದರೆ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ಆಮ್ಲಜನಕ ಬೇಡುವ ವೇಗ. ಕೂತಿರುವಾಗ ಬೇಕಾಗುವುದು ಮೂರೂವರೆ. ಹೆಣ್ಣುಮಕ್ಕಳಿಗೆ ಮಾತ್ರ 400 ಮೀಟರ್, ಎರಡು ನಿಮಿಷ! ಹೃದಯ, ಶ್ವಾಸಕೋಶ ತಮ್ಮ ಮಿತಿ ಮುಟ್ಟುವ ಹೊತ್ತಿಗೆ ಓಟವೇ ಮುಗಿದಿರುತ್ತದೆ. ಇದು ರಿಯಾಯಿತಿಯಂತೆ ಕಂಡರೂ ನನಗೆ ಅವಮಾನವೆನ್ನಿಸುತ್ತದೆ.

ಓಟ ಗೆದ್ದರೆ ಸಾಲದು, ಲಿಖಿತ ಪರೀಕ್ಷೆಯೂ ಇದೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆಯಿತು. ಮರುವರ್ಷ ಕಲಬುರಗಿಯಲ್ಲೇ ಅಕ್ರಮ ಬಯಲಾಗಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಬ್ಲೂಟೂತ್‌ನಲ್ಲಿ ಉತ್ತರ ಬರಬಹುದು, ಉಸಿರು ಬಾರದು. ದೈಹಿಕ ಪರೀಕ್ಷೆಯಲ್ಲಿ ತಮ್ಮ ಕಾಲಿನ ಮೇಲೆ ಗೆದ್ದವರೂ ಆ ಹಗರಣದ ಬೆಲೆ ತೆತ್ತರು.

ಓಟವೇನು ನಿರಪಾಯವಲ್ಲ. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ವೇಳೆ ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ನಮ್ಮಲ್ಲಿ ದೂರ ಕಡಿಮೆ, ಬಿಸಿಲು ಕಡಿಮೆಯಿಲ್ಲ. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ತೆರೆದಿದೆ. ಅಧಿಸೂಚನೆ ಹೊರಟ ತಿಂಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಅಭ್ಯರ್ಥಿಗಳಿಗೆ ಬಿಪಿ, ಇಸಿಜಿ ಉಚಿತವಾಗಿ ನೋಡಿ, ಸಂಶಯವಿದ್ದವರನ್ನಷ್ಟೇ ಅಲ್ಲಿಗೆ ಕಳಿಸಲಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಎದೆನೋವಿನಿಂದ ತೀರಿಕೊಂಡಿದ್ದರೆ, ಓಡುವ ಹುಡುಗರು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.